ಹೊಳೆಯ ಕಟ್ಟವೂ ಊರಿನ ಒಗ್ಗಟ್ಟೂ

ಚಾರ್ಮಾಡಿಯ ಘಟ್ಟದಿಂದಿಳಿದು ಮುಂಡಾಜೆಯನ್ನು ಹಾಯುವ ಮೃತ್ಯುಂಜಯ ಹೊಳೆ 2019ರ ಆಗಸ್ಟಿನಲ್ಲಿ ಉಕ್ಕಿ, ಮರಳನ್ನೂ ಮರದ ದಿಮ್ಮಿಗಳನ್ನೂ ತೋಟಗಳಿಗೆ ನುಗ್ಗಿಸಿತು. ಬೇಸಗೆಯಲ್ಲಿ ಅದೇ ಹೊಳೆ ಸೊರಗುತ್ತದೆ. ಪ್ರವಾಹದ ರಭಸವನ್ನು ತಗ್ಗಿಸುವುದು ಘಟ್ಟದ ಕಾಡಿನ ಕೆಲಸ. ಬೇಸಗೆಯ ನೀರನ್ನು ಕಾಯುವುದು ಊರವರ ಕೈಯಲ್ಲಿದೆ.

ಅದಕ್ಕೆ ತುಳುನಾಡು ಕಂಡುಕೊಂಡ ಉಪಾಯ ‘ಕಟ್ಟ’. ಮಳೆ ನಿಂತ ಮೇಲೆ ಕೃಷಿಕರು ಒಟ್ಟುಗೂಡಿ ಕಲ್ಲುಮಣ್ಣುಗಳಿಂದ ಹೊಳೆಗೆ ಒಡ್ಡು ಹಾಕುತ್ತಾರೆ. ನೀರು ನಿಂತು ಸುತ್ತಲಿನ ಬಾವಿಗಳ ಒರತೆ ಹೆಚ್ಚುತ್ತದೆ. ಮುಂಗಾರಿಗೆ ಕಟ್ಟ ಕೊಚ್ಚಿಹೋಗುತ್ತದೆ. ಮರುವರ್ಷ ಮತ್ತೆ ಕಟ್ಟಬೇಕು. ಕೊಳವೆಬಾವಿಗಳು ಬಂದಮೇಲೆ, ನೆರೆಯವನ ಹಂಗೇಕೆಂಬ ಭಾವನೆ ಬೆಳೆದು, ಈ ಪದ್ಧತಿ ಎಷ್ಟೋ ಕಡೆ ಕ್ಷೀಣಿಸಿತು.

1973ರಿಂದ ಜಗತ್ತು ಆಚರಿಸುತ್ತಿರುವ ಜೂನ್ 5ರ ಪರಿಸರ ದಿನದಂದು ಸಸಿ ನೆಡುವವರು ಬಹಳ. ಸಂತೋಷವೇ. ಆದರೆ ಊರಿನ ಪರಿಸರಪ್ರೇಮವನ್ನು ಅಳೆಯಬೇಕಾದದ್ದು ಡಿಸೆಂಬರಿನಲ್ಲಿ, ಹೊಳೆಯ ಬದಿಯಲ್ಲಿ, ಹಾರೆ ಹಿಡಿದು ಬಂದ ಕೈಗಳ ಎಣಿಕೆಯಿಂದ.