ಮೊಕ್ತೇಸರನ ರುಜು

ನಮ್ಮ ಜಿಲ್ಲೆಯಲ್ಲಿ ಬ್ರಹ್ಮಕಲಶೋತ್ಸವಗಳ ಕಾಲವು ಪುನಃ ಪ್ರಾಪ್ತವಾಗಿದೆ. ಪ್ರತಿದಿನವೂ ನಮ್ಮ ಕಚೇರಿಗೆ ಬಂದು ಬೀಳುವ ಆಮಂತ್ರಣ ಪತ್ರಿಕೆಗಳಲ್ಲಿ ಆಡಳಿತ ಮೊಕ್ತೇಸರರು, ಆನುವಂಶಿಕ ಮೊಕ್ತೇಸರರು, ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರು ಎಂಬ ಬಿರುದುಗಳೊಡನೆ ಮಹನೀಯರ ನಾಮಾವಳಿಯು ರಾರಾಜಿಸುತ್ತಿರುತ್ತದೆ. ಮರ್ಯಾದೆಯು ಸಲ್ಲತಕ್ಕವರಿಗೆ ಸಲ್ಲಲಿ. ಅದರಲ್ಲಿ ನಮಗೆ ಅಸೂಯೆಯಿಲ್ಲ. ಆದರೆ ಆ ಪದವಿಯು ತಮ್ಮ ಮೇಲೆ ಹೊರಿಸಿದ ಋಣವೇನೆಂಬುದನ್ನು ಆ ನಾಮಾವಳಿಯಲ್ಲಿರುವವರೆಲ್ಲರೂ ಬಲ್ಲರೇ? ಇದನ್ನು ಕೇಳುವುದು ಪತ್ರಿಕೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಮೊಕ್ತೇಸರನು ಒಡೆಯನಲ್ಲ, ಪರರ ಸೊತ್ತನ್ನು ಪರರಿಗಾಗಿ ಕಾಯತಕ್ಕವನು. ಈ ಕಾವಲಿನ ಮೇಲೆ ಕಣ್ಣಿಡುವವರು ಯಾರೆಂಬ ಪ್ರಶ್ನೆಯು ಇಂದಿನದಲ್ಲ. 1817ರಲ್ಲಿ ಮದರಾಸು ಸರಕಾರವು ಆ ಅಧಿಕಾರವನ್ನು ರೆವಿನ್ಯೂ ಬೋರ್ಡಿಗೆ ಕೊಟ್ಟಿತು. 1863ರ ಕಾಯಿದೆಯಿಂದ ಸರಕಾರವು ಕೈತೊಳೆದುಕೊಂಡು ಮೊಕ್ತೇಸರರಿಗೂ ಸ್ಥಳೀಯ ಕಮಿಟಿಗಳಿಗೂ ಎಲ್ಲವನ್ನೂ ಒಪ್ಪಿಸಿತು. ಬೇಲಿಯೇ ಎದ್ದು ಹೊಲ ಮೇಯ್ದ ದೂರುಗಳು ಹೆಚ್ಚಿದ ಮೇಲೆ 1920ರ ದಶಕದಲ್ಲಿ ಧರ್ಮದಾಯ ಬೋರ್ಡು ಬಂದಿತು. 1951ರಲ್ಲಿ ಇಲಾಖೆಯೇ ಬಂದಿತು. ನಮ್ಮ ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಮೇಲೆಯೂ ಆ ಮದರಾಸು ಕಾಯಿದೆಯೇ ಇಲ್ಲಿ ನಡೆದು, 1997ರ ಕರ್ನಾಟಕ ಕಾಯಿದೆಯು 2003ರಲ್ಲಿ ಜಾರಿಗೆ ಬಂದಿತು. ಕಾಯಿದೆಗಳು ಬದಲಾದವು; ಪ್ರಶ್ನೆಯು ಮಾತ್ರ ಹಾಗೆಯೇ ಉಳಿದಿದೆ.

ಮಠಾಧಿಪತಿಗಳ ವಿಷಯದಲ್ಲಿಯೂ ನ್ಯಾಯಸ್ಥಾನಗಳು ಇದನ್ನೇ ವಿಚಾರಿಸಿವೆ. ಮಠಾಧಿಪತಿಯು ಇಂಗ್ಲಿಷು ಕಾನೂನಿನ ಅರ್ಥದಲ್ಲಿ ಟ್ರಸ್ಟಿಯಲ್ಲದಿದ್ದರೂ ದುರಾಡಳಿತಕ್ಕೆ ಟ್ರಸ್ಟಿಯಂತೆಯೇ ಉತ್ತರವಾದಿಯೆಂದು ಪ್ರಿವಿ ಕೌನ್ಸಿಲು 1921ರಲ್ಲಿ ಹೇಳಿತು. ನಮ್ಮ ಉಡುಪಿಯ ಶೀರೂರು ಮಠದಲ್ಲಿ ಪರ್ಯಾಯದ ಖರ್ಚಿನಿಂದ ಬೆಳೆದ ಸಾಲವು ಬೋರ್ಡಿನ ಹಸ್ತಕ್ಷೇಪಕ್ಕೆ ಕಾರಣವಾಗಿ, ಆ ವ್ಯಾಜ್ಯವು ದಿಲ್ಲಿಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 1954ರ ತೀರ್ಪು ಸ್ವಾಮಿಗಳ ಪಕ್ಷವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಪೂಜೆ ಆಚಾರಗಳಲ್ಲಿ ಸರಕಾರವು ಕೈಹಾಕಕೂಡದೆಂದಿತು. ಆದರೆ ಸೊತ್ತಿನ ಆಡಳಿತವನ್ನು ಕಾನೂನಿನಿಂದ ನಿಯಂತ್ರಿಸಬಹುದೆಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿತು. ದೇವರು ಭಕ್ತರವನು, ಲೆಕ್ಕದ ಪುಸ್ತಕವು ಯಾರೊಬ್ಬರ ಸ್ವಂತದ್ದೂ ಅಲ್ಲ.

ಟ್ರಸ್ಟಿಯ ಧರ್ಮವೇನೆಂಬುದನ್ನು 1882ರ ಟ್ರಸ್ಟ್ ಕಾಯಿದೆಯು ವಿಶದವಾಗಿ ಹೇಳಿದೆ. ಆ ಕಾಯಿದೆಯು ಖಾಸಗಿ ಟ್ರಸ್ಟುಗಳಿಗಾಗಿ ಹುಟ್ಟಿದ್ದು. ಆದರೂ ಅದರೊಳಗಿನ ನೀತಿಯು ಎಲ್ಲ ಧರ್ಮನಿಧಿಗಳಿಗೂ ಒಪ್ಪತಕ್ಕದ್ದೇ. ವಿವೇಕಿಯು ಸ್ವಂತ ಸೊತ್ತನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಟ್ರಸ್ಟಿನ ಸೊತ್ತನ್ನು ನೋಡಿಕೊಳ್ಳಬೇಕು. ಸ್ಪಷ್ಟವಾದ ಲೆಕ್ಕವನ್ನಿಟ್ಟು, ಹಕ್ಕುಳ್ಳವರು ಕೇಳಿದಾಗ ತೋರಿಸಬೇಕು. ಟ್ರಸ್ಟಿನ ಸೊತ್ತಿನಿಂದ ಸ್ವಂತ ಲಾಭವನ್ನು ಪಡೆಯಕೂಡದು. ಮಾರುವ ಅಧಿಕಾರವು ತನ್ನ ಕೈಯಲ್ಲಿರುವ ಸೊತ್ತನ್ನು ತಾನೇ ಕೊಳ್ಳಕೂಡದು, ಬೇನಾಮಿಯಾಗಿಯೂ ಕೊಳ್ಳಕೂಡದು. ಇವುಗಳನ್ನು ಮೀರಿ ನಷ್ಟವುಂಟಾದರೆ ಅದನ್ನು ಕೈಯಿಂದ ತುಂಬಿಕೊಡಬೇಕು. ದುರ್ಬುದ್ಧಿಯಿಂದ ಸೊತ್ತನ್ನು ಕಬಳಿಸಿದರಂತೂ ಅದು ನಂಬಿಕೆದ್ರೋಹವೆಂಬ ಅಪರಾಧ. ಹಿಂದೆ ಪೀನಲ್ ಕೋಡಿನಲ್ಲಿದ್ದ ಆ ಕಲಮು 2024ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ.

ಆದರೆ ನಾವು ಇಂದು ಬರೆಯಹೊರಟದ್ದು ಕಳ್ಳರನ್ನು ಕುರಿತಲ್ಲ. ಕಳ್ಳರು ವಿರಳ, ದಾಕ್ಷಿಣ್ಯಕ್ಕೆ ಕಟ್ಟುಬಿದ್ದ ಸಜ್ಜನರು ಹೇರಳ. ಜತೆಯ ಟ್ರಸ್ಟಿಯ ತಪ್ಪನ್ನು ತಿಳಿದೂ ಮುಚ್ಚಿಟ್ಟವನು, ಅಥವಾ ಯುಕ್ತಕಾಲದಲ್ಲಿ ಅದನ್ನು ತಡೆಯಲು ಯತ್ನಿಸದೆ ಸುಮ್ಮನಿದ್ದವನು, ಆ ನಷ್ಟಕ್ಕೆ ತಾನೂ ಬಾಧ್ಯನಾಗುತ್ತಾನೆಂದು ಅದೇ ಕಾಯಿದೆಯು ವಿಧಿಸಿದೆ. ಮೌನವೂ ಒಂದು ರುಜುವೇ ಎಂಬುದು ಇದರ ತಾತ್ಪರ್ಯ.

ಈ ಪಾಠವನ್ನು ನಾವು ನಾಚಿಕೆಪಟ್ಟೇ ಕಲಿತೆವು. ಬಹು ವರ್ಷಗಳ ಹಿಂದೆ ಒಂದು ವಿದ್ಯಾಸಂಸ್ಥೆಯ ಕಮಿಟಿಯಲ್ಲಿ ನಾವೂ ಸದಸ್ಯರಾಗಿದ್ದೆವು. ಮೂರು ವರ್ಷ ಕಾಫಿ ಕುಡಿಯುತ್ತಲೇ ಲೆಕ್ಕಕ್ಕೆ ರುಜು ಹಾಕಿದೆವು. ನಾಲ್ಕನೆಯ ವರ್ಷ, ವಯಸ್ಸಾದ ಗುಮಾಸ್ತರು ಪುಸ್ತಕವನ್ನು ಮುಂದಿಡುತ್ತಾ, “ಸ್ವಾಮೀ, ಇದನ್ನೊಮ್ಮೆ ಓದಿದರೆ ನನಗೆ ಉಪಕಾರವಾಗುತ್ತಿತ್ತು” ಎಂದು ತಗ್ಗಿದ ಸ್ವರದಲ್ಲಿ ಹೇಳಿದರು. ಓದಿದೆವು. ಬ್ಯಾಂಕಿನಲ್ಲಿರಬೇಕಾದ ಕಟ್ಟಡ ನಿಧಿಯು ಕಮಿಟಿಯವರೇ ಒಬ್ಬರ ವ್ಯಾಪಾರದಲ್ಲಿ ತಿರುಗುತ್ತಿತ್ತು. ಹಣವೇನೋ ಮರಳಿ ಬಂದಿತು. ಆದರೆ ಆ ಮೂರು ರುಜುಗಳು ನಮ್ಮವೇ ಆಗಿದ್ದವು. ಮೋಸಹೋದೆವೆನ್ನಲು ನಮಗೆ ಬಾಯಿರಲಿಲ್ಲ. ಓದುವುದನ್ನು ಯಾರೂ ತಡೆದಿರಲಿಲ್ಲ.

“ನಾವು ಸಂಬಳವಿಲ್ಲದೆ ದುಡಿಯುತ್ತೇವೆ, ಕೈಯಿಂದಲೂ ಹಾಕುತ್ತೇವೆ; ನಮ್ಮಿಂದ ಲೆಕ್ಕ ಕೇಳುವುದು ಅವಮಾನ” ಎಂದು ಕೆಲವರು ಹೇಳುವುದುಂಟು. ಪುಕ್ಕಟೆ ದುಡಿಮೆಯು ಪುಣ್ಯವೇ ಸರಿ, ಆದರೆ ಅದು ಲೆಕ್ಕಕ್ಕೆ ಬದಲಾಗದು. ನಮ್ಮ ಊರಿನಲ್ಲಿಯೇ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಮಿಶನನ್ನು ಸ್ಥಾಪಿಸಿ, ಬಹಿಷ್ಕಾರವನ್ನೂ ಸಹಿಸಿ ಅದನ್ನು ಬೆಳೆಸಿದರು. ಶಕ್ತಿ ಕುಂದಿದಾಗ ಅದನ್ನು ಮಕ್ಕಳ ಪಾಲಿಗೆ ಬರೆಯದೆ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. ತಾನೇ ಕಟ್ಟಿದ್ದನ್ನೂ ತನ್ನದಲ್ಲವೆಂದು ತಿಳಿದವನೇ ನಿಜವಾದ ಮೊಕ್ತೇಸರ. ಗಾಂಧೀಜಿಯವರು ಧನಿಕರಿಗೆ ಬೋಧಿಸಿದ ಧರ್ಮದರ್ಶಿತ್ವವೂ ಇದೇ.

ಇನ್ನು ನಾಗರಿಕರ ಪಾಲಿನ ಕರ್ತವ್ಯ. ಛತ್ರ, ಶಾಲೆ, ಆಸ್ಪತ್ರೆ ಮೊದಲಾದ ಸಾರ್ವಜನಿಕ ಧರ್ಮನಿಧಿಗಳಲ್ಲಿ ವಿಶ್ವಾಸಭಂಗವಾದರೆ, ಹಿತಾಸಕ್ತಿಯುಳ್ಳ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದೆಂದು ಸಿವಿಲ್ ಪ್ರೊಸೀಜರ್ ಕೋಡಿನ 92ನೆಯ ಕಲಮು ಹೇಳುತ್ತದೆ. ಸಾವಿರಾರು ಜನರ ಊರಿನಲ್ಲಿ ಕಾನೂನು ಕೇಳುವುದು ಇಬ್ಬರನ್ನು ಮಾತ್ರ! ಆದರೆ ಕೋರ್ಟಿನ ಮೆಟ್ಟಿಲು ಕೊನೆಯ ಮಾತು. ಮೊದಲ ಮಾತು ಸುಲಭವಾದದ್ದು. ವರ್ಷಕ್ಕೊಮ್ಮೆ ಜಮಾಖರ್ಚನ್ನು ದೇವಸ್ಥಾನದ ಗೋಪುರದಲ್ಲಿ, ಶಾಲೆಯ ಚಾವಡಿಯಲ್ಲಿ, ಊರ ಹತ್ತು ಸಮಸ್ತರು ಓದುವಂತೆ ಕನ್ನಡದಲ್ಲಿ ತೂಗಹಾಕಲಿ. ಹುಂಡಿಗೆ ಬಿದ್ದ ನಾಣ್ಯವಾಗಲಿ, ಮೊಬೈಲಿನಿಂದ ಬಂದ ಕಾಣಿಕೆಯಾಗಲಿ, ಅದರಲ್ಲಿ ಕಾಣಿಸಲಿ. ಉತ್ಸವಕ್ಕೆಂದು ಪ್ರತ್ಯೇಕವಾಗಿ ಎತ್ತಿದ ವಂತಿಗೆಯೂ ಆ ಲೆಕ್ಕದಿಂದ ಹೊರಗುಳಿಯದಿರಲಿ.

ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರನ್ನು ಅಚ್ಚುಹಾಕಿಸುವ ಮಹನೀಯರು, ಉತ್ಸವ ಮುಗಿದ ಬಳಿಕ ಲೆಕ್ಕಪತ್ರದ ಕೆಳಗೂ ಅದೇ ಹೆಸರನ್ನು ಓದಿ, ತಿಳಿದು, ಬರೆಯಲಿ. ಕಲಶದ ನೀರು ಆರಿಹೋಗುತ್ತದೆ, ರುಜು ಉಳಿಯುತ್ತದೆ.