ದನಿಯ ಹೋಲಿಕೆ ಪುರಾವೆಯಲ್ಲ

ಜಗತ್ತಿನ ಸಕಲ ಶಬ್ದಗಳೂ ಸಂಸ್ಕೃತದಿಂದಲೇ ಹುಟ್ಟಿದವೆಂದು ಸಾರುವ ಸಂದೇಶಗಳು ವಾಟ್ಸಾಪಿನಲ್ಲಿ ನನಗೆ ದಿನವೂ ಬರುತ್ತಿವೆ. ಇತ್ತೀಚಿನ ಸರದಿ ‘ರಿಕ್ಷಾ’ ಪದದ್ದು. ಅದು ‘ರಕ್ಷಾ’ದಿಂದ ಬಂದಿತಂತೆ! ಕಳುಹಿಸಿದಾತ ನನ್ನ ಹಳೆಯ ವಿದ್ಯಾರ್ಥಿ, ಈಗ ಸ್ವತಃ ಅಧ್ಯಾಪಕ. ತರಗತಿಯಲ್ಲಿ ಮಕ್ಕಳಿಗೂ ಇದನ್ನೇ ಹೇಳಿದ್ದಾನೆಂದು ತಿಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಅಲ್ಲಪ್ಪಾ, ಅದು ಜಪಾನೀ ಭಾಷೆಯ ‘ಜಿನ್‌ರಿಕಿಶಾ’. ಜಿನ್ ಎಂದರೆ ಮನುಷ್ಯ, ರಿಕಿ ಎಂದರೆ ಬಲ, ಶಾ ಎಂದರೆ ಗಾಡಿ. 1870ರ ಸುಮಾರಿಗೆ ಟೋಕಿಯೋದ ಬೀದಿಗಳಲ್ಲಿ ಮನುಷ್ಯರು ಎಳೆಯತೊಡಗಿದ ಗಾಡಿಯದು. ಇಂಗ್ಲಿಷರು ಪದದ ತಲೆಯನ್ನು ಕತ್ತರಿಸಿದರು. ಉಳಿದ ಮುಂಡ ನಮ್ಮ ಆಟೋದ ಬೆನ್ನಿಗೆ ಅಂಟಿಕೊಂಡಿತು. ಎಂಜಿನ್ ಬರುವ ಮೊದಲೇ ಹೆಸರಿನಿಂದ ಮನುಷ್ಯ ಇಳಿದುಹೋಗಿದ್ದ!

ಶಬ್ದದ ಮೂಲವನ್ನು ಹೇಳುವವರು ಅದು ನಡೆದುಬಂದ ದಾರಿಯನ್ನು ತೋರಿಸಬೇಕು. ಇಂಗ್ಲಿಷಿನ ‘ಟೀ’ ಪದವನ್ನೇ ನೋಡಿ. ಚೀನೀ ಲಿಪಿಯಲ್ಲಿ ಆ ಎಲೆಗೆ ಅಕ್ಷರವೊಂದೇ, ಉಚ್ಚಾರ ಮಾತ್ರ ಪ್ರಾಂತಕ್ಕೊಂದು. ಫುಜಿಯನ್ ಕರಾವಳಿಯವರು ‘ತೆ’ ಎಂದರೆ ಕ್ಯಾಂಟನ್ ಕಡೆಯವರು ‘ಚಾ’ ಎನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಡಚ್ ವರ್ತಕರು ಫುಜಿಯನ್ನರೊಡನೆ ವ್ಯಾಪಾರ ಮಾಡಿದುದರಿಂದ ಅವರ ಮೂಲಕ ಇಂಗ್ಲಿಷಿಗೆ ‘ಟೀ’ ದೊರೆಯಿತು. ಮಕಾವಿನಲ್ಲಿ ನೆಲೆಯೂರಿದ್ದ ಪೋರ್ಚುಗೀಸರು ‘ಚಾ’ ಎಂದೇ ಕರೆದರು. ಕನ್ನಡಿಗರು ಉದಾರಿಗಳು, ಚಹಾ ಮತ್ತು ಟೀ ಎರಡನ್ನೂ ಇಟ್ಟುಕೊಂಡಿದ್ದೇವೆ.

ದಾರಿ ಯಾವಾಗಲೂ ಇಷ್ಟು ನೇರವಾಗಿರುವುದಿಲ್ಲ. ‘ಟೈಫೂನ್’ ಪದದ ಹಿಂದೆ ಗ್ರೀಕರ ‘ಟೈಫೋನ್’, ಅರಬ್ಬರ ‘ತೂಫಾನ್’, ಕ್ಯಾಂಟನಿನವರ ‘ತೈ ಫುಂಗ್’ ಒಂದರೊಡನೊಂದು ಬೆರೆತಿವೆ. ನಿಘಂಟುಕಾರರು ಬೆರಕೆಯನ್ನು ಬೆರಕೆಯೆಂದೇ ಬರೆದರು. ವಾಟ್ಸಾಪಿನ ಪಂಡಿತರಿಗೆ ಅಂತಹ ಸಂಕೋಚವಿಲ್ಲ.

ಅಭಿಮಾನಪಡಲೇಬೇಕೆಂದಿದ್ದರೆ ‘ಝೆನ್’ ಇದೆಯಲ್ಲ! ಸಂಸ್ಕೃತದ ‘ಧ್ಯಾನ’, ಪಾಳಿಯ ‘ಝಾನ’, ಬೌದ್ಧ ಭಿಕ್ಷುಗಳೊಡನೆ ಹಿಮಾಲಯದಾಚೆಗೆ ಹೋಗಿ ಚೀನೀ ಭಾಷೆಯಲ್ಲಿ ‘ಚಾನ್’ ಆಯಿತು. ಜಪಾನಿನಲ್ಲಿ ‘ಝೆನ್’ ಆಗಿ ಇಂಗ್ಲಿಷನ್ನು ಸೇರಿತು. ಕಿವಿಗೆ ‘ಧ್ಯಾನ’ಕ್ಕೂ ‘ಝೆನ್’ಗೂ ಹೋಲಿಕೆಯೇ ಇಲ್ಲ. ಆದರೂ ಸಂಬಂಧ ಸಿದ್ಧವಾಗಿದೆ, ಏಕೆಂದರೆ ಗ್ರಂಥಗಳನ್ನು ಹೊತ್ತು ನಡೆದವರು, ಭಾಷಾಂತರಿಸಿದವರು ದಾಖಲೆ ಬಿಟ್ಟುಹೋಗಿದ್ದಾರೆ. ‘ರಕ್ಷಾ’ ಮತ್ತು ‘ರಿಕ್ಷಾ’ಗಳ ನಡುವೆ ಯಾರು ನಡೆದರು, ಯಾವ ಶತಮಾನದಲ್ಲಿ, ಯಾವ ಬಂದರಿನ ಮೂಲಕ? ಆ ಅಧ್ಯಾಪಕ ಶಿಷ್ಯನಿಗೆ ಈ ಮೂರು ಪ್ರಶ್ನೆಗಳನ್ನು ಕಳುಹಿಸಿದ್ದೇನೆ. ಉತ್ತರವಾಗಿ ಕೈಮುಗಿದ ಚಿತ್ರವೊಂದು ಬಂದಿದೆ.