ಬಾಯಿಗೆ ಬಾರದ ಟ್ಯೂಷನ್ ಕನ್ನಡ

2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿತು. ಬೆಂಗಳೂರಿನ ಜಯನಗರದಂಥ ಕಡೆ, ಮನೆಯಲ್ಲಿ ಕನ್ನಡ ಆಡದ ಮಕ್ಕಳಿಗೆ ಟ್ಯೂಷನ್ ಹಾಕಿಸುತ್ತಾರೆ. ಅಲ್ಲಿ ಎಷ್ಟೋ ಸಲ ನಡೆಯುವುದು ಇಷ್ಟೇ: 49 ಅಕ್ಷರ ತಿದ್ದು, ಪ್ರಶ್ನೋತ್ತರ ಬಾಯಿಪಾಠ ಮಾಡು. ಮಗು ಪರೀಕ್ಷೆಯಲ್ಲಿ ಪಾಸು. 4ನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ‘ಅಕ್ಕಾ, ಸೊಪ್ಪು ಎಷ್ಟು?’ ಅಂತ ಕೇಳಲು ಬಾಯಿ ಬರುವುದಿಲ್ಲ.

ಇಂಥ ಪಾಠವನ್ನು ನಾವು ಒಪ್ಪುವುದಿಲ್ಲ. ನಮ್ಮ ಮಕ್ಕಳು ‘ಅವ್ವಾ, ಹಸಿವು’ ಅಂದದ್ದು ಸ್ಲೇಟು ಹಿಡಿಯುವ ಮೊದಲೇ. ಮೊದಲು ಕಿವಿ, ಆಮೇಲೆ ಬಾಯಿ, ಕೊನೆಗೆ ಕೈ. ಟ್ಯೂಷನ್ ಮೇಷ್ಟ್ರೂ ಕಥೆ, ಆಟ, ಅಂಗಡಿ ಮಾತಿನಿಂದಲೇ ಶುರು ಮಾಡಲಿ.

ಪೇಟೆಯವರನ್ನು ನೋಡಿ ನಗಬೇಡಿ. ನಮ್ಮೂರಿನ ಇಂಗ್ಲಿಷ್ ಟ್ಯೂಷನ್ನಿನದೂ ಇದೇ ಪಾಡು. ಫೀಸು ಕಟ್ಟುವ ಮೊದಲು ಕೇಳಿ: ‘ಮೇಷ್ಟ್ರೇ, ನಮ್ಮ ಮಗು ಮಾತಾಡುವುದು ಯಾವಾಗ?’